ಪೆನ್ಸಿಲ್ ಎತ್ತುವ ಮೊದಲು ಒಂದು ಅಂದಾಜು
ಲೆಕ್ಕದ ಟೀಚರ್‌ಗೆ ನಿಮ್ಮ ಪ್ರಶ್ನೆ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಐದರಿಂದ ಏಳನೇ ತರಗತಿಯ ಲೆಕ್ಕದ ಬಗ್ಗೆ ಇವೆ. 31 ವರ್ಷ ಈ ಮೂರು ತರಗತಿಗಳಿಗೇ ಲೆಕ್ಕ ಹೇಳಿಕೊಟ್ಟವಳು ನಾನು. ಹಾಗಾಗಿ ಓದುತ್ತಾ ಹೋದ ಹಾಗೆ ಎಷ್ಟೋ ಮುಖಗಳು ನೆನಪಾದವು. ಐದು ಪ್ರಶ್ನೆ ಆರಿಸಿಕೊಂಡಿದ್ದೇನೆ.

ನನ್ನ ಮಗಳು ಐದನೇ ತರಗತಿ. 1/2 + 1/3 ಎಷ್ಟು ಅಂದರೆ 2/5 ಅಂತ ಬರೆಯುತ್ತಾಳೆ. ಛೇದ ಸಮ ಮಾಡಬೇಕು ಅಂತ ಎಷ್ಟು ಸಲ ಹೇಳಿಕೊಟ್ಟರೂ ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ತಪ್ಪು. ಗಮನ ಇಲ್ಲವೋ, ಅರ್ಥವೇ ಆಗಿಲ್ಲವೋ ಗೊತ್ತಾಗುತ್ತಿಲ್ಲ. — ಒಬ್ಬ ತಾಯಿ

ಅವಳನ್ನು ಬೈಯಬೇಡಿ. ಆ 2/5 ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಅವಳು ಚೆಂಡನ್ನು 2 ಸಲ ಎಸೆದು 1 ಸಲ ಗುರಿ ಮುಟ್ಟಿಸಿದಳು ಅಂದುಕೊಳ್ಳಿ. ಆಮೇಲೆ 3 ಸಲ ಎಸೆದು 1 ಸಲ ಮುಟ್ಟಿಸಿದಳು. ಒಟ್ಟು 5 ಎಸೆತದಲ್ಲಿ 2 ಗುರಿ. ಇಲ್ಲಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿದ್ದು ಸರಿಯಾಗೇ ಇದೆ. ಪರೀಕ್ಷೆಯ ಅಂಕ ಕೂಡುವಾಗಲೂ ಹೀಗೇ ಅಲ್ವಾ? 20ಕ್ಕೆ 15, 25ಕ್ಕೆ 18, ಒಟ್ಟು 45ಕ್ಕೆ 33. ಮಗು ದಿನಾ ನೋಡುವುದು ಇದನ್ನೇ. ಅದನ್ನೇ ತಂದು ಇಲ್ಲಿ ಹಾಕಿದ್ದಾಳೆ.

ವ್ಯತ್ಯಾಸ ಇರುವುದು 'ಇಡೀ' ಅನ್ನುವುದರಲ್ಲಿ. ಚೆಂಡಿನ ಆಟದಲ್ಲಿ ಇಡೀ ಬೆಳೆಯುತ್ತಾ ಹೋಯಿತು: 2, 3, ಒಟ್ಟು 5. ಭಿನ್ನರಾಶಿ ಕೂಡುವಾಗ ಇಡೀ ಬದಲಾಗುವುದಿಲ್ಲ. ಒಂದೇ ಪಟ್ಟಿಯ ಅರ್ಧ, ಅದೇ ಉದ್ದದ ಪಟ್ಟಿಯ ಮೂರನೇ ಒಂದು ಭಾಗ. ಇದನ್ನು ಬಾಯಲ್ಲಿ ಹೇಳಿದರೆ ಹತ್ತುವುದಿಲ್ಲ, ಕೈಯಲ್ಲಿ ಮಾಡಿಸಬೇಕು.

ಹಳೇ ನೋಟ್‌ಬುಕ್ಕಿನ ಹಾಳೆಯಿಂದ ಒಂದೇ ಉದ್ದದ ಮೂರು ಪಟ್ಟಿ ಕತ್ತರಿಸಿ. 24 ಸೆಂಟಿಮೀಟರ್ ಇದ್ದರೆ ಒಳ್ಳೆಯದು. ಮೊದಲನೆಯದನ್ನು ಎರಡಾಗಿ ಮಡಿಸಲಿ. ಎರಡನೆಯದನ್ನು ಕಾಗದ ಮಡಿಸಿ ಲಕೋಟೆಗೆ ಹಾಕುವ ಹಾಗೆ ಮೂರಾಗಿ ಮಡಿಸಲಿ. ಎರಡರಿಂದಲೂ ಒಂದೊಂದು ಪಾಲು ಕತ್ತರಿಸಿ, ಮೂರನೇ ಪಟ್ಟಿಯ ಮೇಲೆ ಒಂದರ ಪಕ್ಕ ಒಂದು ಇಡಲಿ. ಇಷ್ಟಾದ ಮೇಲೆ ಕೇಳಿ: "ಎಷ್ಟು ಮುಚ್ಚಿತು? ಅರ್ಧಕ್ಕಿಂತ ಜಾಸ್ತಿಯಾ, ಕಮ್ಮಿಯಾ?" ಪಟ್ಟಿ ಬಹುಪಾಲು ಮುಚ್ಚಿಹೋಗಿರುತ್ತದೆ. ಈಗ ಅವಳ 2/5 ತೋರಿಸಿ. 5ರ ಅರ್ಧ ಎರಡೂವರೆ, 2 ಅದಕ್ಕಿಂತ ಕಮ್ಮಿ. ಅರ್ಧಕ್ಕೆ ಇನ್ನೊಂದಷ್ಟು ಸೇರಿಸಿದರೆ ಅರ್ಧಕ್ಕಿಂತ ಕಮ್ಮಿ ಆಗುತ್ತಾ?

ಇಲ್ಲಿ ನೀವು ಸುಮ್ನೆ ಇರಬೇಕು. ನನ್ನ ತರಗತಿಯ ಒಬ್ಬ ಹುಡುಗಿ ಪಟ್ಟಿಯನ್ನೇ ನೋಡುತ್ತಾ ಕೂತಿದ್ದಳು. ಎರಡು ತುಂಡನ್ನೂ ಎತ್ತಿ ಮತ್ತೆ ಇಟ್ಟಳು. ಉಳಿದ ಖಾಲಿ ಜಾಗದ ಅಗಲವನ್ನು ಬೆರಳಿನಲ್ಲಿ ಅಳೆದಳು. ಆ ಬೆರಳನ್ನು ಹಾಗೇ ಜರುಗಿಸುತ್ತಾ ಎಣಿಸಿದಳು. "ಟೀಚರ್, ಇದು ಆರು ಸಲ ಹಿಡಿಸುತ್ತೆ" ಅಂದಳು. ಛೇದ 6 ಅಂತ ನಾನು ಹೇಳಿಕೊಟ್ಟಿರಲಿಲ್ಲ, ಅವಳಿಗೇ ಸಿಕ್ಕಿತು. ಅರ್ಧದಲ್ಲಿ ಅಂಥವು 3, ಮೂರನೇ ಒಂದರಲ್ಲಿ 2, ಒಟ್ಟು 5/6.

ನಮ್ಮ ಮಾತಿನಲ್ಲೇ ಈ ಪಾಠ ಇದೆ. ಮುಕ್ಕಾಲು ಅಂದರೆ ಮೂರು ಕಾಲು. ಕಾಲು ಎಂಬುದು ತುಂಡಿನ ಗಾತ್ರ, ಮೂರು ಎಂಬುದು ಎಣಿಕೆ. ಅರ್ಧಕ್ಕೆ ಕಾಲು ಸೇರಿಸಿದರೆ ಮುಕ್ಕಾಲು ಅಂತ ಯಾವ ಮಗುವಾದರೂ ಹೇಳುತ್ತದೆ, ಯಾಕೆಂದರೆ ಅರ್ಧ ಅಂದರೆ ಎರಡು ಕಾಲು ಅಂತ ಅದಕ್ಕೆ ಗೊತ್ತು. ಛೇದ ಸಮ ಮಾಡುವುದು ಅಂದರೆ ಇಷ್ಟೇ: ಒಂದೇ ಗಾತ್ರದ ತುಂಡು ಮಾಡಿಕೊಂಡು ಎಣಿಸುವುದು. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಬರುವುದು ಆ ಗಾತ್ರ ಹುಡುಕಲಿಕ್ಕೆ. 9ನೇ ಶತಮಾನದಲ್ಲಿ ಗಣಿತಜ್ಞ ಮಹಾವೀರಾಚಾರ್ಯರು ಭಿನ್ನರಾಶಿ ಕೂಡಲು ಇದನ್ನೇ ಹೇಳಿಕೊಟ್ಟರು, 'ನಿರುದ್ಧ' ಅಂತ ಕರೆದರು. ಪಟ್ಟಿ ಮಡಿಸಿದ ಮೇಲೆ ಲ.ಸಾ.ಅ. ಹೇಳಿದರೆ ಮಗುವಿಗೆ ಅದು ಯಾಕೆ ಬೇಕು ಅಂತ ಗೊತ್ತಿರುತ್ತದೆ. ಮೊದಲೇ ಹೇಳಿದರೆ ಬರೀ ಬಾಯಿಪಾಠ.

ಇದು ನಿಮ್ಮ ಮಗಳೊಬ್ಬಳ ಕಷ್ಟ ಅಂದುಕೊಳ್ಳಬೇಡಿ. 1978ರಲ್ಲಿ ಅಮೆರಿಕದಲ್ಲಿ 13 ವರ್ಷದ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದರು. 12/13 + 7/8 ಸುಮಾರು ಎಷ್ಟು? ಆಯ್ಕೆಗಳು 1, 2, 19, 21. ಎರಡೂ ಭಿನ್ನರಾಶಿ 1ರ ಹತ್ತಿರ ಇವೆ, ಹಾಗಾಗಿ ಉತ್ತರ 2. ಸರಿ ಹೇಳಿದವರು 100ಕ್ಕೆ 24 ಮಂದಿ. ಅರ್ಧಕ್ಕಿಂತ ಜಾಸ್ತಿ ಮಕ್ಕಳು 19 ಅಥವಾ 21 ಅಂದರು. ಅಂಶ ಅಂಶ ಕೂಡಿದರೆ 19, ಛೇದ ಛೇದ ಕೂಡಿದರೆ 21. ಸಂಖ್ಯೆ ಕಂಡ ತಕ್ಷಣ ಕೈ ಕೂಡಲು ಹೊರಟುಬಿಡುತ್ತದೆ, ಎಷ್ಟಿರಬಹುದು ಅಂತ ಕಣ್ಣು ನೋಡುವುದೇ ಇಲ್ಲ. ಅದಕ್ಕೇ ಮನೆಯಲ್ಲಿ ಒಂದೇ ಒಂದು ಅಭ್ಯಾಸ ಹಾಕಿಕೊಳ್ಳಿ. ಪೆನ್ಸಿಲ್ ಎತ್ತುವ ಮೊದಲು ಮಗು ಬಾಯಲ್ಲಿ ಹೇಳಬೇಕು: ಉತ್ತರ 0ಯ ಹತ್ತಿರವಾ, ಅರ್ಧದ ಹತ್ತಿರವಾ, 1ರ ಹತ್ತಿರವಾ, 1 ದಾಟುತ್ತಾ? ದಿನಕ್ಕೆ ಐದು ಲೆಕ್ಕ ಸಾಕು. ಒಂದೇ ಥರದ ನಲವತ್ತು ಲೆಕ್ಕ ಮಾಡಿಸಿದರೆ ಹತ್ತನೆಯದರ ನಂತರ ಕೈ ಓಡುತ್ತಿರುತ್ತದೆ, ತಲೆ ನಿಂತಿರುತ್ತದೆ.

ಟೀಚರ್, ಭಿನ್ನರಾಶಿ ಭಾಗಾಕಾರದಲ್ಲಿ ಎರಡನೆಯದನ್ನು ಯಾಕೆ ತಲೆಕೆಳಗು ಮಾಡಬೇಕು? ಕೇಳಿದರೆ 'ನಿಯಮ ಹಾಗೆ' ಅಂತಾರೆ. — ಆರನೇ ತರಗತಿ ವಿದ್ಯಾರ್ಥಿ

ಕೇಳಿದ್ದು ತುಂಬಾ ಒಳ್ಳೆಯದಾಯಿತು, ಪುಟ್ಟ. ಚಿಕ್ಕವಳಿದ್ದಾಗ ನನಗೂ ಇದೇ ಉತ್ತರ ಸಿಕ್ಕಿತ್ತು.

ಭಾಗಾಕಾರ ಅಂದರೆ 'ಇದರಲ್ಲಿ ಅದು ಎಷ್ಟು ಸಲ ಇದೆ?' ಅಂತ ಕೇಳುವುದು. 3 ÷ 1/2 ಅಂದರೆ ಮೂರರಲ್ಲಿ ಅರ್ಧಗಳು ಎಷ್ಟಿವೆ? ಆರು. ಪ್ರತಿ ಒಂದರಲ್ಲೂ ಎರಡು ಅರ್ಧ ಇದ್ದವು, ಅದಕ್ಕೇ 2ರಿಂದ ಗುಣಿಸಿದ ಹಾಗಾಯಿತು. ಈಗ 3/4 ÷ 2/3 ತಗೋ. ಎರಡನ್ನೂ ಒಂದೇ ಗಾತ್ರದ ತುಂಡು ಮಾಡು: 9/12 ಮತ್ತು 8/12. ಹನ್ನೆರಡನೆಯ ತುಂಡು 9 ಇವೆ, ಅದರಲ್ಲಿ 8ರ ಗುಂಪು ಎಷ್ಟು? 9 ÷ 8, ಅಂದರೆ 9/8. ತಲೆಕೆಳಗು ಮಾಡಿ ಗುಣಿಸಿ ನೋಡು: 3/4 × 3/2 = 9/8. ಅದೇ ಬಂತಲ್ವಾ? ಆ 9 ಎಲ್ಲಿಂದ ಬಂತು, 8 ಎಲ್ಲಿಂದ ಬಂತು ಅಂತ ಎರಡೂ ದಾರಿಯಲ್ಲಿ ಬೆರಳಿಟ್ಟು ತೋರಿಸಲಿಕ್ಕೆ ನಿನಗೆ ಬಂದರೆ ನಿಯಮ ನಿನ್ನದಾಯಿತು.

ಮಗ ಕೂಡು, ಕಳೆ, ಗುಣಿಸು ಎಲ್ಲಾ ಸರಾಗ ಮಾಡುತ್ತಾನೆ. ಅದೇ ಲೆಕ್ಕ ವಾಕ್ಯದಲ್ಲಿ ಬಂದರೆ "ಕೂಡಬೇಕಾ, ಕಳೀಬೇಕಾ?" ಅಂತ ನನ್ನ ಮುಖ ನೋಡುತ್ತಾನೆ. 'ಒಟ್ಟು', 'ಜಾಸ್ತಿ' ಅಂದರೆ ಕೂಡು, 'ಉಳಿದದ್ದು', 'ಕಮ್ಮಿ' ಅಂದರೆ ಕಳೆ ಅಂತ ಹೇಳಿಕೊಟ್ಟೆ. ಆದರೂ ಆಗುತ್ತಿಲ್ಲ. — ಒಬ್ಬ ತಂದೆ

ಆ ಪದಗಳ ಪಟ್ಟಿಯನ್ನು ದಯವಿಟ್ಟು ಇವತ್ತೇ ಬಿಟ್ಟುಬಿಡಿ. ಅದು ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ಕೈ ಕೊಡುತ್ತದೆ. ಈ ಲೆಕ್ಕ ನೋಡಿ: 'ಅಕ್ಕನ ಹತ್ತಿರ 12 ಮಣಿ ಇವೆ. ಅವು ತಮ್ಮನ ಮಣಿಗಳಿಗಿಂತ 5 ಜಾಸ್ತಿ. ತಮ್ಮನ ಹತ್ತಿರ ಎಷ್ಟು?' 'ಜಾಸ್ತಿ' ಅಂತ ಇದೆ, ಮಗು 17 ಅನ್ನುತ್ತದೆ. ಉತ್ತರ 7. ಅಕ್ಕನ ಹತ್ತಿರ ಜಾಸ್ತಿ ಇದೆ ಅಂತ ಕಥೆಯೇ ಹೇಳುತ್ತಿದೆ, ಆದರೆ ಕಥೆ ಯಾರೂ ಓದಲಿಲ್ಲ.

1980ರ ಸುಮಾರಿಗೆ ಫ್ರಾನ್ಸ್‌ನಲ್ಲಿ ಪುಟ್ಟ ಮಕ್ಕಳಿಗೆ ಹೀಗೊಂದು ಪ್ರಶ್ನೆ ಕೇಳಿದರು: 'ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಹಡಗಿನ ಕ್ಯಾಪ್ಟನ್‌ಗೆ ಎಷ್ಟು ವಯಸ್ಸು?' ಹೆಚ್ಚಿನ ಮಕ್ಕಳು ಲೆಕ್ಕ ಮಾಡಿ ಉತ್ತರ ಬರೆದರು, 36 ಅಂತ. ಅವರು ದಡ್ಡರಲ್ಲ. ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಬೇಕು, ಒಂದು ಉತ್ತರ ಬರಲೇಬೇಕು ಅಂತ ನಾವೇ ಅವರಿಗೆ ಅಭ್ಯಾಸ ಮಾಡಿಸಿದ್ದೇವೆ. ನನಗೆ ಇದನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ.

ನಾನು ತರಗತಿಯಲ್ಲಿ ಮಾಡುತ್ತಿದ್ದದ್ದು ಹೀಗೆ. ಬೋರ್ಡ್ ಮೇಲೆ ಲೆಕ್ಕ ಬರೆದು ಸಂಖ್ಯೆಗಳನ್ನು ಮಾತ್ರ ಅಂಗೈಯಿಂದ ಒರೆಸಿಬಿಡುತ್ತಿದ್ದೆ. "ಅಕ್ಕನ ಹತ್ತಿರ ಒಂದಷ್ಟು ಮಣಿ ಇವೆ. ಅವು ತಮ್ಮನದಕ್ಕಿಂತ ಒಂದಷ್ಟು ಜಾಸ್ತಿ." ಈಗ ಕಥೆ ಹೇಳಿ: ಯಾರ ಹತ್ತಿರ ಹೆಚ್ಚು? ಏನು ಗೊತ್ತು, ಏನು ಗೊತ್ತಿಲ್ಲ? ಕೂಡಲು ಸಂಖ್ಯೆ ಇಲ್ಲದ್ದರಿಂದ ಮಕ್ಕಳು ಓದಲೇಬೇಕಾಗುತ್ತದೆ. ಆಮೇಲೆ ಎರಡು ಉದ್ದ ಗೆರೆ, ಅಕ್ಕನದು ದೊಡ್ಡದು, ತಮ್ಮನದು ಚಿಕ್ಕದು. ಕೊನೆಗೆ ಸಂಖ್ಯೆ ತುಂಬುವುದು. ಗೆರೆ ಎಳೆದ ಮೇಲೆ "ಕೂಡಬೇಕಾ ಕಳೀಬೇಕಾ?" ಅಂತ ಕೇಳಿದ ಮಗು ನನಗೆ ನೆನಪಿಲ್ಲ.

ಇದರಲ್ಲಿ ಕೈ ಪಳಗಿದ ಮೇಲೆ ಮಗನಿಗೆ ಭಾಸ್ಕರಾಚಾರ್ಯರ ದುಂಬಿ ಲೆಕ್ಕ ಕೊಡಿ. 1150ರ 'ಲೀಲಾವತಿ'ಯಲ್ಲಿದೆ. ದುಂಬಿಗಳ ಗುಂಪಿನಲ್ಲಿ ಐದನೇ ಒಂದು ಭಾಗ ಒಂದು ಹೂವಿಗೆ ಹೋಯಿತು. ಮೂರನೇ ಒಂದು ಭಾಗ ಇನ್ನೊಂದು ಹೂವಿಗೆ. ಇವೆರಡರ ವ್ಯತ್ಯಾಸದ ಮೂರರಷ್ಟು ಮತ್ತೊಂದು ಹೂವಿಗೆ. ಉಳಿದ ಒಂದು ದುಂಬಿ ಗಾಳಿಯಲ್ಲಿ ಅತ್ತಿತ್ತ ಹಾರಾಡುತ್ತಿದೆ. ಒಟ್ಟು ಎಷ್ಟು?

ಚೌಕುಳಿ ಹಾಳೆಯಲ್ಲಿ 15 ಮನೆಯ ಒಂದು ಪಟ್ಟಿ ಎಳೆಯಲಿ. 15 ಯಾಕೆ? ಐದಾಗಿಯೂ ಮೂರಾಗಿಯೂ ಒಡೆಯಲು ಬರುತ್ತದೆ. ಐದನೇ ಒಂದು ಅಂದರೆ 3 ಮನೆ, ಮೂರನೇ ಒಂದು ಅಂದರೆ 5 ಮನೆ. ವ್ಯತ್ಯಾಸ 2, ಅದರ ಮೂರರಷ್ಟು 6. ಬೇರೆ ಬೇರೆ ಬಣ್ಣ ತುಂಬಿದರೆ 3, 5, 6, ಒಟ್ಟು 14 ಮನೆ. ಒಂದು ಮನೆ ಖಾಲಿ. ಒಂಟಿ ದುಂಬಿ ಇರುವುದು ಅಲ್ಲೇ. ಹಾಗಾದರೆ ಮನೆಗೊಂದು ದುಂಬಿ, ಒಟ್ಟು 15. ಹಾರಾಡುತ್ತಿದ್ದವು ಎರಡಾಗಿದ್ದರೆ ಗುಂಪು ಎಷ್ಟು ದೊಡ್ಡದು ಅಂತಲೂ ಕೇಳಿ. ಪಟ್ಟಿ ಎಳೆದವನು ತಡಮಾಡದೆ 30 ಅನ್ನುತ್ತಾನೆ.

ಗ್ರಾಫ್‌ನಲ್ಲಿ ನನಗೆ ಯಾವಾಗಲೂ ಅಂಕ ಹೋಗುತ್ತದೆ. ಸ್ಕೇಲ್ ಹೇಗೆ ತಗೊಳ್ಳೋದು? ಸ್ತಂಭಾಲೇಖ ಯಾವಾಗ, ಗೆರೆ ಎಳೆಯೋದು ಯಾವಾಗ? — ಏಳನೇ ತರಗತಿ ವಿದ್ಯಾರ್ಥಿನಿ

ಮೊದಲು ಅತಿ ದೊಡ್ಡ ಸಂಖ್ಯೆ ನೋಡು. ಅದು 138 ಅಂತಿಟ್ಟುಕೋ, ಹಾಳೆಯಲ್ಲಿ 15 ಸೆಂಟಿಮೀಟರ್ ಜಾಗ ಇದೆ. 1 ಸೆಂಟಿಮೀಟರ್‌ಗೆ 10 ತಗೊಂಡರೆ 13.8ಕ್ಕೆ ಮುಗಿಯುತ್ತದೆ. 1, 2, 5, 10, 20, 50 ಇಂಥವನ್ನೇ ತಗೋ. 7 ಅಥವಾ 9 ತಗೊಂಡರೆ ನಡುವಿನ ಬಿಂದು ಗುರುತಿಸುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.

ಸ್ತಂಭ ಯಾವಾಗಲೂ 0ಯಿಂದ ಏಳಬೇಕು. 47 ಮತ್ತು 52 ಹೆಚ್ಚುಕಮ್ಮಿ ಸಮ ಅಲ್ವಾ? ಅಕ್ಷವನ್ನು 45ರಿಂದ ಶುರು ಮಾಡಿ ಬರೆದು ನೋಡು. ಒಂದು ಸ್ತಂಭ 2 ಮನೆ, ಇನ್ನೊಂದು 7 ಮನೆ. ಮೂರೂವರೆ ಪಟ್ಟು ಅಂತ ಕಣ್ಣು ನಂಬಿಬಿಡುತ್ತದೆ. ಬೇರೆಯವರ ಗ್ರಾಫ್ ಓದುವಾಗಲೂ ಮೊದಲು ಅಕ್ಷ ಎಲ್ಲಿಂದ ಶುರುವಾಗಿದೆ ನೋಡು, ಸ್ತಂಭ ನೋಡುವುದು ಆಮೇಲೆ.

ಇನ್ನು ಸ್ತಂಭವೋ ಗೆರೆಯೋ. ವಿಲಿಯಂ ಪ್ಲೇಫೇರ್ ಎಂಬಾತ 1786ರಲ್ಲಿ ದೇಶಗಳ ವ್ಯಾಪಾರದ ಅಂಕಿ ಅಂಶಗಳನ್ನು ಗೆರೆಗಳಲ್ಲಿ ತೋರಿಸಿ ಒಂದು ಪುಸ್ತಕ ತಂದ. ಬೇರೆ ಲೆಕ್ಕಗಳಿಗೆ ವರ್ಷ ವರ್ಷದ ಅಂಕಿ ಇತ್ತು. ಸ್ಕಾಟ್ಲೆಂಡಿನದು ಮಾತ್ರ ಒಂದೇ ವರ್ಷದ್ದು ಸಿಕ್ಕಿತು. ಒಂದು ವರ್ಷಕ್ಕೆ ಗೆರೆ ಎಳೆಯುವುದು ಹೇಗೆ? ಆಗ ಅವನು ಸ್ಕಾಟ್ಲೆಂಡ್ ವ್ಯಾಪಾರ ಮಾಡಿದ ಒಂದೊಂದು ದೇಶಕ್ಕೂ ಆಮದಿಗೊಂದು, ರಫ್ತಿಗೊಂದು ಪಟ್ಟೆ ಬರೆದ. ನಾವು ಇವತ್ತು ಬರೆಯುವ ಸ್ತಂಭಾಲೇಖ ಹೀಗೆ ಬಂತು. ನೀನು ಕೇಳಿದ್ದಕ್ಕೆ ಉತ್ತರವೂ ಅಲ್ಲೇ ಇದೆ: ಬೇರೆ ಬೇರೆ ವಸ್ತುಗಳನ್ನು ಹೋಲಿಸಲು ಸ್ತಂಭ, ಹೊತ್ತು ಕಳೆದ ಹಾಗೆ ಒಂದೇ ವಸ್ತು ಬದಲಾಗುವುದನ್ನು ತೋರಿಸಲು ಗೆರೆ.

ರಜೆಯ ದಿನ ಒಂದು ಕೆಲಸ ಮಾಡು. ಬಿಸಿಲಿನಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸು. ಬೆಳಿಗ್ಗೆ 9ರಿಂದ ಸಂಜೆ 4ರ ತನಕ ಗಂಟೆಗೊಮ್ಮೆ ನೆರಳಿನ ಉದ್ದ ಅಳೆದು ಬರೆದುಕೋ. ಅಡ್ಡ ಅಕ್ಷದಲ್ಲಿ ಗಂಟೆ, ಲಂಬ ಅಕ್ಷದಲ್ಲಿ ಸೆಂಟಿಮೀಟರ್. ಬಿಂದು ಸೇರಿಸಿದರೆ ಗೆರೆ ಇಳಿದು, ನಡುವೆ ತಳ ಮುಟ್ಟಿ, ಮತ್ತೆ ಏರುತ್ತದೆ. ಹತ್ತೂವರೆಗೆ ನೀನು ಅಳೆಯಲಿಲ್ಲ, ಆದರೂ ಗೆರೆ ನೋಡಿ ಹೇಳಬಹುದು. ಮರುದಿನ ಅಳೆದು ಸರಿಯಾ ಅಂತ ನೋಡು.

ಇನ್ನೊಂದು ಮಾತು. ನಡೆದ ದೂರ ಮತ್ತು ಸಮಯದ ಗ್ರಾಫ್‌ನಲ್ಲಿ ಗೆರೆ ಮಟ್ಟವಾಗಿದ್ದರೆ 'ಸಮತಟ್ಟಾದ ದಾರಿಯಲ್ಲಿ ನಡೆಯುತ್ತಿದ್ದಾನೆ' ಅಂತ ಬಹಳ ಮಕ್ಕಳು ಬರೆಯುತ್ತಾರೆ. ಅವನು ನಿಂತಿದ್ದಾನೆ. ಸಮಯ ಹೋಗುತ್ತಿದೆ, ದೂರ ಬೆಳೆಯುತ್ತಿಲ್ಲ. ಗ್ರಾಫ್ ಅಂದರೆ ದಾರಿಯ ಚಿತ್ರ ಅಲ್ಲ, ಮಗೂ.

ನನಗೆ 42 ವರ್ಷ. ಲೆಕ್ಕ ಅಂದರೆ ಚಿಕ್ಕಂದಿನಿಂದ ಭಯ. ಈಗ ಮಗನ ಜೊತೆ ಕೂತು ಕಲಿಯಬೇಕು ಅನ್ನಿಸುತ್ತಿದೆ. ಎಲ್ಲಿಂದ ಶುರು ಮಾಡಲಿ? — ಒಬ್ಬ ಓದುಗರು

ಮಗನ ಪುಸ್ತಕದಿಂದಲೇ ಶುರು ಮಾಡಿ, ನಿಮಗೆ ಗೊತ್ತಿಲ್ಲ ಅಂತ ಅವನಿಗೆ ಹೇಳಿಯೇ ಶುರು ಮಾಡಿ. ನಿಮಗೆ ಹೇಳಿಕೊಡುವಾಗ ಅವನದೂ ಗಟ್ಟಿಯಾಗುತ್ತದೆ. ಮಗ್ಗಿ ಮರೆತಿದ್ದರೆ ಚೀಟಿ ಬರೆದು ಪಕ್ಕದಲ್ಲಿಟ್ಟುಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ದಿನಕ್ಕೆ 20 ನಿಮಿಷ ಸಾಕು.

ಇವತ್ತು ರಾತ್ರಿಗೆ ಒಂದು ಲೆಕ್ಕ ಕೊಡುತ್ತೇನೆ, ಇಬ್ಬರೂ ಕೂತು ಮಾಡಿ. 7/8 ಮತ್ತು 8/9, ಯಾವುದು ದೊಡ್ಡದು? ಲ.ಸಾ.ಅ. ಬೇಡ, ಪೆನ್ಸಿಲ್ಲೂ ಬೇಡ. ಒಂದೊಂದೂ ಪೂರ್ತಿ 1 ಆಗಲು ಎಷ್ಟು ಕಮ್ಮಿ ಇದೆ ಅಂತ ಮಾತ್ರ ನೋಡಿ. ಏನು ಕಂಡಿತು ಅಂತ ನನಗೆ ಬರೆಯಿರಿ.