ಅಡಾಪ್ಟರ್ ಬದಲಿಸಿದ ಮೇಲೆ ಸೆನ್ಸರ್‌ಗಳು ಕೈಕೊಡುತ್ತಿವೆಯೇ?

ಪ್ರಶ್ನೆ: ಮನೆಯ ಸ್ಮಾರ್ಟ್ ಬಲ್ಬ್, ಸೆನ್ಸರ್‌ಗಳನ್ನು ವೈರಿಲ್ಲದೆ ಜೋಡಿಸುವ ಜಿಗ್ಬೀ ಹಬ್‌ನ ಅಡಾಪ್ಟರ್ ಕೆಟ್ಟಿತೆಂದು ಬೇರೊಂದು 5 ವೋಲ್ಟ್ ಅಡಾಪ್ಟರ್ ಹಾಕಿದೆ. ಆಗಿನಿಂದ ಬಾಗಿಲಿನ ಸೆನ್ಸರ್ ಆಗಾಗ ಆಫ್‌ಲೈನ್ ಆಗುತ್ತದೆ. ಬಲ್ಬ್ ಉರಿದರೂ ಆ್ಯಪ್‌ನಲ್ಲಿ ‘ಪ್ರತಿಕ್ರಿಯೆ ಇಲ್ಲ’ ಎಂದೇ ಬರುತ್ತದೆ. ಹೊಸ ಹಬ್ ಕೊಳ್ಳಬೇಕೇ?

ಉತ್ತರ: ಈಗಲೇ ಬೇಡ. ನಿಮ್ಮ ಹಬ್ ಕಳಿಸಿದ್ದು ಬಲ್ಬ್‌ಗೆ ಮುಟ್ಟುತ್ತಿದೆ, ಬಲ್ಬ್ ಹೇಳಿದ್ದು ಹಬ್‌ಗೆ ಕೇಳಿಸುತ್ತಿಲ್ಲ. ರಿಸೀವರ್‌ಗೆ ಗದ್ದಲ (ಬೇಡದ ವಿದ್ಯುತ್ ಸಿಗ್ನಲ್) ನುಗ್ಗಿದಾಗ ಹೀಗಾಗುವುದು ಸಾಮಾನ್ಯ.

ಒಂದು ದಿನ ಹಬ್ಬನ್ನು ಪವರ್ ಬ್ಯಾಂಕ್‌ನಿಂದ ನಡೆಸಿ ನೋಡಿ. ತೊಂದರೆ ನಿಂತರೆ ಅಡಾಪ್ಟರ್ ಅಥವಾ ಅದರ ಕೇಬಲ್ ಮೇಲೆಯೇ ಸಂಶಯ. ಕೆಲವು ಪವರ್ ಬ್ಯಾಂಕ್‌ಗಳು ಕರೆಂಟ್ ಬಳಕೆ ಕಡಿಮೆಯಿದ್ದರೆ ತಾವಾಗಿಯೇ ಆಫ್ ಆಗುತ್ತವೆ. ಅದನ್ನು ಹಬ್‌ನ ದೋಷ ಎಂದುಕೊಳ್ಳಬೇಡಿ.

ಈಗಿನ ಅಡಾಪ್ಟರ್‌ಗಳು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಾಂತರ ಸಲ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುತ್ತವೆ. ಇದರಿಂದ ಏಳುವ ಗದ್ದಲವನ್ನು ಒಳಗಿನ ಚೋಕ್, ಕೆಪಾಸಿಟರ್‌ಗಳು ತಡೆಯಬೇಕು. ಅಗ್ಗದ ಅಡಾಪ್ಟರ್‌ಗಳಲ್ಲಿ ಈ ಫಿಲ್ಟರನ್ನೇ ಕೈಬಿಡುವುದುಂಟು. ಹಳೆಯವುಗಳಲ್ಲಿ ಔಟ್‌ಪುಟ್ ಕೆಪಾಸಿಟರ್ ಒಣಗಿ ರಿಪಲ್, ಅಂದರೆ ವೋಲ್ಟೇಜಿನ ಏರಿಳಿತ, ಹೆಚ್ಚುತ್ತದೆ. ಜಿಗ್ಬೀ ಬಳಸುವ 2.4 ಗಿಗಾಹರ್ಟ್ಸ್ ತಲುಪುವ ಹೊತ್ತಿಗೆ ಗಾಳಿಯಲ್ಲಿ ಈ ಗದ್ದಲ ಬಹುತೇಕ ಸೋತಿರುತ್ತದೆ. ಹಾಗಾಗಿ ನಿಮ್ಮಲ್ಲಿ ಅದು ಡಿಸಿ ವೈರಿನ ಮೂಲಕವೇ ಬಂದಿರುವ ಸಂಭವ ಹೆಚ್ಚು.

ಹಬ್ ಚಾಲೂ ಇರುವಾಗಲೇ ಅದರ ಕಡೆಯ ವೈರಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ಅಳೆಯಿರಿ. 4.75 ವೋಲ್ಟ್‌ಗಿಂತ ಕಡಿಮೆಯಿದ್ದರೆ ಮೊದಲು ಗಿಡ್ಡ, ದಪ್ಪ ಕೇಬಲ್ ಹಾಕಿ. ವೋಲ್ಟೇಜ್ ಸರಿಯಿದ್ದರೆ ಕ್ಲಿಪ್ ಮಾದರಿಯ ಫೆರೈಟ್ ಕೋರ್ (ವೈರಿನ ಗದ್ದಲ ತಡೆಯುವ ಕಾಂತೀಯ ಉಂಗುರ) ತಂದು, ಹಬ್ ಕಡೆಯ ತುದಿಯಲ್ಲಿ ವೈರನ್ನು ಅದರೊಳಗೆ ಮೂರು ಸುತ್ತು ಹಾಯಿಸಿ. ಒಂದೇ ಸಲ ಹಾಯಿಸಿದ್ದಕ್ಕಿಂತ ತಡೆ ಹತ್ತಿರ ಹತ್ತಿರ ಒಂಬತ್ತು ಪಟ್ಟಾಗುತ್ತದೆ. ಕೋರ್ ಅರ್ಧಂಬರ್ಧ ಮುಚ್ಚಿದ್ದರೆ ಉಪಯೋಗವಿಲ್ಲ, ‘ಟಕ್’ ಎಂದು ಕೂರಬೇಕು. ಇಷ್ಟಾದರೂ ಹೋಗದಿದ್ದರೆ ಅಷ್ಟೇ ವೋಲ್ಟೇಜಿನ, ಆಂಪಿಯರ್ ಕಡಿಮೆಯಿಲ್ಲದ ಒಳ್ಳೆಯ ಅಡಾಪ್ಟರ್ ಹಾಕಿ. ಹಳೆಯದನ್ನು ಬಿಚ್ಚಿ ರಿಪೇರಿ ಮಾಡಲು ಹೋಗಲೇಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಪ್ರಾಣಕ್ಕೆ ಎರವಾಗುವ ವೋಲ್ಟೇಜ್ ಉಳಿದಿರಬಹುದು.

ಪ್ರಶ್ನೆ: ಮಿನಿ ಕಂಪ್ಯೂಟರ್‌ನ ಹಿಂಬದಿಗೆ ಜಿಗ್ಬೀ ಡಾಂಗಲ್ (ಹಬ್‌ನಂತೆ ಕೆಲಸ ಮಾಡುವ ಪುಟ್ಟ ಯುಎಸ್‌ಬಿ ಸಾಧನ) ಹಾಕಿದ್ದೇನೆ. ಅಡಾಪ್ಟರ್, ಫೆರೈಟ್ ಎಲ್ಲ ಬದಲಿಸಿದರೂ ಸಿಗ್ನಲ್ ಸುಧಾರಿಸಿಲ್ಲ.

ಉತ್ತರ: ಡಾಂಗಲ್ ಪಕ್ಕದಲ್ಲಿ ಯುಎಸ್‌ಬಿ 3.0 ಪೋರ್ಟ್ ಅಥವಾ ಹೊರಗಿನ ಎಸ್‌ಎಸ್‌ಡಿ ಇದೆಯೇ ನೋಡಿ. ಆ ಪೋರ್ಟ್‌ನ ವೇಗದ ಸಿಗ್ನಲ್ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಚೆಲ್ಲುತ್ತದೆಂದು ಇಂಟೆಲ್ 2012ರಲ್ಲೇ ವಿವರವಾಗಿ ಪ್ರಕಟಿಸಿದೆ. ಡಾಂಗಲನ್ನು ಯುಎಸ್‌ಬಿ 2.0 ಪೋರ್ಟ್‌ಗೆ, ಒಂದು ಮೀಟರ್ ಎಕ್ಸ್‌ಟೆನ್ಶನ್ ಕೇಬಲ್‌ನಲ್ಲಿ ಹಾಕಿ ದೂರವಿಡಿ. ಅಡಾಪ್ಟರ್‌ಗೆ ಹಣ ಸುರಿಯುವ ಮೊದಲೇ ಇದನ್ನು ಮಾಡಬೇಕಿತ್ತು.

ಆಮೇಲೆ ಚಾನೆಲ್. ವೈಫೈ 1 ಅಥವಾ 6ನೇ ಚಾನೆಲ್‌ನಲ್ಲಿ, 20 ಮೆಗಾಹರ್ಟ್ಸ್ ಅಗಲದಲ್ಲಿದ್ದರೆ ಜಿಗ್ಬೀಗೆ 25ನೇ ಚಾನೆಲ್ ಒಳ್ಳೆಯದು, ಅದು 2475 ಮೆಗಾಹರ್ಟ್ಸ್‌ನಲ್ಲಿದೆ. 26 ಬೇಡ, ಅದರಲ್ಲಿ ಹಲವು ಸಾಧನಗಳು ಕಡಿಮೆ ಶಕ್ತಿಯಲ್ಲಿ ಕಳಿಸುತ್ತವೆ. ಚಾನೆಲ್ ಬದಲಿಸಿದರೆ ಕೆಲವು ಸಾಧನಗಳನ್ನು ಮತ್ತೆ ಜೋಡಿಸಬೇಕಾದೀತು.

ಪ್ರಶ್ನೆ: ಪರದೆ ಸರಿಸುವ 433 ಮೆಗಾಹರ್ಟ್ಸ್ ರಿಮೋಟ್ ಎಲ್‌ಇಡಿ ದೀಪ ಹಾಕಿದಾಗ ಹತ್ತಿರದಿಂದ ಮಾತ್ರ ಕೆಲಸ ಮಾಡುತ್ತದೆ.

ಉತ್ತರ: ಈ ತರಂಗಾಂತರದಲ್ಲಿ ದೀಪಕ್ಕೆ ವಿದ್ಯುತ್ ಒದಗಿಸುವ ಡ್ರೈವರ್‌ನ ಗದ್ದಲ ಗಾಳಿಯಲ್ಲೇ ಬಂದು ರಿಸೀವರನ್ನು ಮುಟ್ಟಬಲ್ಲದು. ಎಎಂ ರೇಡಿಯೋವನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ಇಟ್ಟು ಒಂದೊಂದೇ ದೀಪ, ಅಡಾಪ್ಟರ್ ಬಳಿ ಹಿಡಿಯಿರಿ. ‘ಗರ್ರ್’ ಸದ್ದು ಜೋರಾದಲ್ಲಿ ಗುರುತು ಹಾಕಿ, ಅದನ್ನು ಆಫ್ ಮಾಡಿ ರಿಮೋಟ್ ಒತ್ತಿ. ರೇಡಿಯೋ ಸುಳಿವನ್ನಷ್ಟೇ ಕೊಡುತ್ತದೆ, ರಿಮೋಟ್‌ನ ದೂರ ಹೆಚ್ಚಿದರಷ್ಟೇ ಅದು ಖಚಿತ. ರಿಸೀವರನ್ನು ಆ ಡ್ರೈವರ್‌ನಿಂದ ಕನಿಷ್ಠ ಒಂದು ಮೀಟರ್ ಆಚೆ ಸರಿಸಿ. ಅದರ ಆಂಟೆನಾ ಸುಮಾರು 17 ಸೆಂಟಿಮೀಟರ್ ಉದ್ದದ ಬಿಡಿ ವೈರ್ ಆಗಿದ್ದರೆ ಸುರುಳಿ ಬಿಡಿಸಿ ನೆಟ್ಟಗೆ ನಿಲ್ಲಿಸಿ, ಕತ್ತರಿಸಬೇಡಿ.