ಬೈಕಿನಿಂದ ಬಿದ್ದವರಿಗೆ ಒಳಪೆಟ್ಟು ಆಗಿದೆಯೋ ಇಲ್ಲವೋ ಮನೆಯವರಿಗೆ ಹೇಗೆ ಗೊತ್ತಾಗುತ್ತದೆ?

ಇವತ್ತು ಮಧ್ಯಾಹ್ನ ನಿಮ್ಮ ತಮ್ಮ ಬೈಕು ಜಾರಿ ಬಿದ್ದಿದ್ದಾನೆ, ಮೊಣಕೈ ತರಚಿದ್ದು ಬಿಟ್ಟರೆ ಮೈಮೇಲೆ ಗಾಯವಿಲ್ಲ, ಆಸ್ಪತ್ರೆ ಬೇಡ ಅನ್ನುತ್ತಿದ್ದಾನೆ ಎಂದು ಬರೆದಿದ್ದೀರಿ. ಮೊದಲು ಅವನನ್ನೇ ಕೇಳಿ: ಬಿದ್ದದ್ದು ಪೂರ್ತಿ ನೆನಪಿದೆಯಾ? ‘ಹೇಗೆ ಬಿದ್ದೆನೋ ಗೊತ್ತಿಲ್ಲ, ಕಣ್ಣು ಬಿಟ್ಟಾಗ ಸುತ್ತ ಜನ ನಿಂತಿದ್ದರು’ ಅಂದರೆ ಇದನ್ನು ಓದುವುದು ಬಿಟ್ಟು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಈಗಲೇ ಕರೆದುಕೊಂಡು ಹೋಗಿ.

ನಾನು ಕ್ಯಾಷುವಾಲ್ಟಿಯಲ್ಲಿ ಸ್ಟಾಫ್ ನರ್ಸ್. ಆಕ್ಸಿಡೆಂಟ್ ಕೇಸುಗಳು ಒಟ್ಟಿಗೆ ಬಂದಾಗ ಚೀರುತ್ತಿರುವವರಿಗಿಂತ ಮೊದಲು ಸುಮ್ಮನೆ ಕಣ್ಣು ಮುಚ್ಚಿ ಕೂತವರ ಹತ್ತಿರ ಹೋಗುತ್ತೇವೆ. ಚೀರುವವರಿಗೆ ಉಸಿರೂ ಇದೆ, ಎಚ್ಚರವೂ ಇದೆ. ಮನೆಯವರು ಮಾತ್ರ ರಕ್ತ ಕಂಡರೆ ಗಾಬರಿಯಾಗುತ್ತಾರೆ, ಮಂಪರು ಕಂಡರೆ ‘ಸುಸ್ತಾಗಿದೆ, ಮಲಗಲಿ ಬಿಡಿ’ ಅನ್ನುತ್ತಾರೆ.

ತಲೆಯ ವಿಷಯದಲ್ಲಿ ಇದು ತುಂಬಾ ಅಪಾಯ. ಕಣ್ಣಿಗೂ ಕಿವಿಗೂ ನಡುವಿನ ಬುರುಡೆ ಮೂಳೆ ತೆಳು, ಅದರ ಒಳಮೈಗೆ ಅಂಟಿದಂತೆ ಒಂದು ರಕ್ತನಾಳ ಹಾಯುತ್ತದೆ. ಮೂಳೆ ಬಿರುಕುಬಿಟ್ಟು ಆ ನಾಳ ಹರಿದರೆ ಒಳಗೇ ರಕ್ತ ಸೇರುತ್ತಾ ಹೋಗುತ್ತದೆ. ಅದು ಮಿದುಳನ್ನು ಒತ್ತಲು ಶುರುಮಾಡುವ ತನಕ ಮನುಷ್ಯ ಮಾತಾಡುತ್ತಾನೆ, ಉಣ್ಣುತ್ತಾನೆ, ‘ಏನೂ ಆಗಿಲ್ಲ’ ಎಂದು ನಗುತ್ತಾನೆ. ನಟಿ ನತಾಶಾ ರಿಚರ್ಡ್‌ಸನ್ 2009ರ ಮಾರ್ಚ್ 16ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಹೆಲ್ಮೆಟ್ ಇರಲಿಲ್ಲ, ಹೊರಗೆ ಗಾಯವೂ ಕಾಣಲಿಲ್ಲ. ಬಂದ ಆಂಬುಲೆನ್ಸ್ ಹಾಗೇ ವಾಪಸ್ ಹೋಯಿತು. ಆಮೇಲೆ ತಲೆನೋವು ಶುರುವಾಯಿತು; 18ನೇ ತಾರೀಕು ತೀರಿಕೊಂಡರು. ವಯಸ್ಸು 45.

ಹಾಗಾಗಿ ಈಗ ಹೇಗಿದ್ದಾನೆ ಎಂದು ಒಮ್ಮೆ ನೋಡಿ ಬಿಟ್ಟರೆ ಸಾಲದು. ಒಂದು ಗಂಟೆಯ ಹಿಂದೆ ಇದ್ದದ್ದಕ್ಕಿಂತ ಈಗ ಕೆಟ್ಟಿದೆಯಾ ಎಂದು ನೋಡುತ್ತಿರಬೇಕು. ತಲೆನೋವು ಏರುತ್ತಿದೆ, ಒಂದಕ್ಕಿಂತ ಹೆಚ್ಚು ಸಲ ವಾಂತಿಯಾಯಿತು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾನೆ, ಮಾತು ತೊದಲುತ್ತಿದೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿದೆ, ಒಂದು ಕೈ ಸೋತಿದೆ, ಫಿಟ್ಸ್ ಬಂತು: ಇದರಲ್ಲಿ ಯಾವ ಒಂದಾದರೂ ಸರಿ, ಹೊರಡಿ. ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ಒಸರಿದರೆ ನೆಗಡಿ ಅಂದುಕೊಳ್ಳಬೇಡಿ. ಕಣ್ಣಿನ ಸುತ್ತ ಅಥವಾ ಕಿವಿಯ ಹಿಂದೆ ಕಪ್ಪುಗಟ್ಟುವುದು ಬುರುಡೆಯ ತಳ ಮುರಿದಿರುವುದರ ಗುರುತಾಗಿರಬಹುದು, ಅದು ಕಾಣಿಸಿಕೊಳ್ಳಲು ಎಷ್ಟೋ ಗಂಟೆ ಬೇಕು. ಕುಡಿದಿದ್ದವರ ತೊದಲನ್ನು ಕುಡಿತದ ಲೆಕ್ಕಕ್ಕೆ ಹಾಕುವುದು ನಾನು ಕಂಡ ಅತಿ ಕೆಟ್ಟ ಊಹೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಾದರೆ ಯಾವ ಲಕ್ಷಣಕ್ಕೂ ಕಾಯಬಾರದು. ಅವರಲ್ಲಿ ನಿಧಾನಕ್ಕೆ ಜಿನುಗಿ, ವಾರಗಳಾದ ಮೇಲೆ ನಡಿಗೆ ತಪ್ಪುವುದು, ಮರೆವು ಬರುವುದೂ ಉಂಟು.

ಇನ್ನು ಹೊಟ್ಟೆ. ಹ್ಯಾಂಡಲ್‌ನ ತುದಿ ಪಕ್ಕೆಗೆ ಗುದ್ದಿದ್ದರೆ ಗುಲ್ಮ (ಸ್ಪ್ಲೀನ್ ಎಂಬ ಒಳಅಂಗ) ಒಡೆದಿರಬಹುದು. ಗುಲ್ಮ ಇರುವುದು ಎಡಪಕ್ಕೆಯ ಕೆಳಗೆ, ಆದರೆ ನೋವು ಎಡ ಭುಜದ ತುದಿಯಲ್ಲೂ ಬರುತ್ತದೆ, ಆಗ ಭುಜ ಉಳುಕಿದೆ ಎಂದು ಎಣ್ಣೆ ಹಚ್ಚಿ ತಿಕ್ಕುತ್ತಾರೆ! ಹತ್ತಿರದ ಕ್ಲಿನಿಕ್ಕಿನಲ್ಲಿ ‘ಬಿಪಿ ನಾರ್ಮಲ್’ ಅಂದರೂ ನಿಶ್ಚಿಂತರಾಗಬೇಡಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. ವಯಸ್ಸಿನ ಹುಡುಗರಲ್ಲಿ ಒಂದು ಲೀಟರ್ ಹೋದರೂ ಬಿಪಿ ಬೀಳದೆ ಇರಬಹುದು. ಮೊದಲು ಏರುವುದು ನಾಡಿ. ಸುಮ್ಮನೆ ಮಲಗಿದ್ದಾಗಲೂ 100 ದಾಟಿ ಓಡುತ್ತಿದ್ದರೆ, ತಣ್ಣನೆ ಬೆವರು, ಬಿಳಿಚಿದ ತುಟಿ, ಬಾಯಾರಿಕೆ, ಎದ್ದರೆ ತಲೆಸುತ್ತು ಇದ್ದರೆ ಒಳಗೆ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಿರಿ. ಆಗ ನೀರು, ಕಾಫಿ ಏನೂ ಕೊಡಬೇಡಿ. ಆಪರೇಷನ್ ಬೇಕಾಗಬಹುದು.

ಕತ್ತಿನ ಹಿಂಭಾಗದ ನಡುಮೂಳೆ ನೋಯುತ್ತಿದ್ದರೆ, ಕೈಕಾಲು ಜುಮ್ಮೆನ್ನುತ್ತಿದ್ದರೆ ಆಟೋದಲ್ಲಿ ತುರುಕಬೇಡಿ, ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಉಸಿರಾಡಲು ಕಷ್ಟವಾದರೂ ಹಾಗೇ. ಮೂತ್ರದಲ್ಲಿ ರಕ್ತ ಕಂಡರೆ, ಕಾಲು ಬಿಗಿದು ಬೆರಳು ಚಾಚಿದರೂ ತಡೆಯಲಾರದ ನೋವಿದ್ದರೆ ಬೆಳಗಿನ ತನಕ ಕಾಯಬೇಡಿ.

ಆಸ್ಪತ್ರೆ ಬೇಡ ಅನ್ನುವುದರ ಹಿಂದೆ ಹೆಚ್ಚಾಗಿ ಇರುವುದು ಖರ್ಚಿನ ಅಥವಾ ಪೊಲೀಸರ ಭಯ. ರಸ್ತೆ ಅಪಘಾತಕ್ಕೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ ತಿಂಗಳಿಂದ ಇದೆ, ವಿಚಾರಿಸಿ. ಪೊಲೀಸ್ ಕೇಸು ತಪ್ಪಿಸಲು ‘ಮೆಟ್ಟಿಲಿಂದ ಬಿದ್ದ’ ಎಂದು ಸುಳ್ಳು ಹೇಳುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ, ಎಷ್ಟು ವೇಗದಲ್ಲಿ ಹೇಗೆ ಬಿದ್ದ ಎಂಬುದರ ಮೇಲೇ ಡಾಕ್ಟರು ಎಲ್ಲಿ ಹುಡುಕಬೇಕೆಂದು ನಿರ್ಧರಿಸುತ್ತಾರೆ. ಬಿದ್ದ ಹೊತ್ತು, ಎಷ್ಟು ಸಲ ವಾಂತಿಯಾಯಿತು, ಕೊನೆಗೆ ಉಂಡದ್ದು ಯಾವಾಗ, ಯಾವ ಮಾತ್ರೆ ತೆಗೆದುಕೊಳ್ಳುತ್ತಾನೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.