ಮರ ಯಾರದು, ಆನೆ ಯಾರದು?

ಕೊಡಗಿನ ಅಮ್ಮತ್ತಿ ಕಡೆಯ ಕಾಫಿ ಬೆಳೆಗಾರರೊಬ್ಬರು ಆರು ಪುಟದ ಪತ್ರ ಬರೆದಿದ್ದಾರೆ. ಅದರ ಸಾರ ಇಷ್ಟು: 'ಸರ್ಕಾರಕ್ಕೆ ಇರಬೇಕಾದ್ದು ಮೂರೇ ಕೆಲಸ. ಸೈನ್ಯ, ಪೊಲೀಸು, ಕೋರ್ಟು. ಮಿಕ್ಕಿದ್ದನ್ನು ಜನ ತಮ್ಮ ತಮ್ಮಲ್ಲೇ ಒಪ್ಪಂದ ಮಾಡಿಕೊಳ್ಳಲಿ. ಬೆಳೆದದ್ದನ್ನೆಲ್ಲ ಕಾಫಿ ಮಂಡಳಿಗೇ ಕೊಡಬೇಕಿದ್ದ ಕಾಫಿ ಪೂಲ್ ಹೋಯಿತು, ನಾವು ಬದುಕಿದೆವು. ಅರಣ್ಯ ಇಲಾಖೆ, ಕಾರ್ಮಿಕ ಇಲಾಖೆ, ರೇಷನ್ನು ಹೋದರೂ ಬದುಕುತ್ತೇವೆ. ನಮ್ಮ ಹಿರಿಯರಿಗೆ ಸರ್ಕಾರ ಎಲ್ಲಿತ್ತು? ಗೋಡೆಯ ಮೇಲೊಂದು ಕೋವಿ, ಊರಿಗೊಬ್ಬ ಮುಖ್ಯಸ್ಥ ತಕ್ಕ, ಅಷ್ಟೇ. ನಿಮ್ಮ ಪತ್ರಿಕೆ ಎಲ್ಲದಕ್ಕೂ "ಸರ್ಕಾರ ಗಮನಿಸಲಿ" ಅಂತ ಬರೆಯುವುದನ್ನು ಯಾವಾಗ ನಿಲ್ಲಿಸುತ್ತದೆ?'

ಕೊನೆಯ ಏಟು ಸರಿಯಾಗಿಯೇ ಬಿದ್ದಿದೆ. ಹಳೆಯ ಸಂಚಿಕೆ ತಿರುವಿ ನೋಡಿದೆ. ಬೀದಿನಾಯಿಯಿಂದ ಭೂಕುಸಿತದವರೆಗೆ ನಮ್ಮದು ಅದೇ ಮುಕ್ತಾಯ. ಮುಂದೇನು ಬರೆಯಬೇಕೆಂದು ತೋಚದಾಗ ಆ ವಾಕ್ಯ ತಾನಾಗಿ ಬಂದು ಕೂರುತ್ತದೆ.

ಪೂಲ್ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ ಕಾಫಿಗೆ ಗಿರಾಕಿಯೇ ಇಲ್ಲದಾದಾಗ ಬೆಳೆಗಾರರನ್ನು ಉಳಿಸಲೆಂದು ಬಂದ ವ್ಯವಸ್ಥೆ ಅದು, 1942ರಲ್ಲಿ ಕಾಯ್ದೆಯಾಯಿತು. ಯುದ್ಧ 1945ಕ್ಕೆ ಮುಗಿಯಿತು. ಪೂಲ್ ಪೂರ್ತಿ ಮುಗಿಯಲು 1996 ಬರಬೇಕಾಯಿತು. ಬೆಳೆದದ್ದನ್ನೆಲ್ಲ ಮಂಡಳಿಗೆ ಸುರಿದು, ಕಂತಿನ ದುಡ್ಡು ಕಾಯುತ್ತ ಕೂತ ಅಪ್ಪಂದಿರನ್ನು ನನ್ನ ವಯಸ್ಸಿನವರೆಲ್ಲ ನೋಡಿದ್ದೇವೆ. ತನ್ನ ಕಣದಲ್ಲಿ ಒಣಗಿದ ಕಾಫಿಯನ್ನು ತಾನೇ ಮಾರಿದವನು ಅಪರಾಧಿ!

ಮರದ ವಿಷಯದಲ್ಲಂತೂ ನೀವು ಬರೆದದ್ದು ಸಾಲದು ಅನ್ನಿಸಿತು. ಅನ್‌ರಿಡೀಮ್ಡ್, ಅಂದರೆ ಮರದ ಹಕ್ಕನ್ನು ಸರ್ಕಾರದಿಂದ ಬಿಡಿಸಿಕೊಳ್ಳದ ಜಾಗದಲ್ಲಿ ನೆರಳಿಗೆ ಸಾಕಿದ ಬೀಟೆ, ನಂದಿ ನಮ್ಮದಲ್ಲ; ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಬೇಕು, ಅದಕ್ಕೆ ಮೊದಲು ಅರ್ಜಿ, ಅಳತೆ, ಅನುಮತಿ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್‌ಗೆ ಈ ತಾಪತ್ರಯವಿಲ್ಲ, ಬೇಕೆಂದಾಗ ಕಡಿಯಬಹುದು, ಮೆಣಸಿನ ಬಳ್ಳಿಯೂ ಹಬ್ಬುತ್ತದೆ. ಹಾಗಿರುವಾಗ ಕಾಡುಮರದ ಸಸಿ ತೋಟದಲ್ಲಿ ತಲೆ ಎತ್ತಿದರೆ ಬುದ್ಧಿವಂತ ಬೆಳೆಗಾರ ಏನು ಮಾಡಿಯಾನು? ಕಳೆಯ ಜೊತೆ ಅದನ್ನೂ ಕಿತ್ತು ಬಿಸಾಕುತ್ತಾನೆ. ಕಾಡುಮರ ಉಳಿಯಲೆಂದು ಬರೆದ ನಿಯಮವೇ ತೋಟದ ಕಾಡುಮರಕ್ಕೆ ಕೊಡಲಿಯಾಯಿತು. ಇಂಥದ್ದನ್ನೇ ರಾಜಾಜಿ 'ಲೈಸೆನ್ಸ್-ಪರ್ಮಿಟ್ ರಾಜ್' ಎಂದು ಬೈದು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ್ದು. 1967ರ ಲೋಕಸಭೆಯಲ್ಲಿ ಅವರದ್ದು 44 ಸ್ಥಾನ. ನಿಮ್ಮದು ಒಂಟಿ ಕೂಗೇನಲ್ಲ.

ಆದರೆ 'ಹಿರಿಯರಿಗೆ ಸರ್ಕಾರ ಎಲ್ಲಿತ್ತು' ಎಂದಿರಲ್ಲ, ಅಲ್ಲಿ ನಾನು ನಿಲ್ಲುತ್ತೇನೆ. ನಮ್ಮ ವಂಶಪಾರಂಪರ್ಯದ ಜಮ್ಮಾ ಭೂಮಿ ಬಂದದ್ದೇ ರಾಜನಿಗೆ ಪಡೆಸೇವೆ ಮಾಡಬೇಕೆಂಬ ಕರಾರಿನ ಮೇಲೆ. ಕಂದಾಯ ಕಡಿಮೆ ಇದ್ದದ್ದೂ ಅದಕ್ಕೇ. ಆ ಭೂಮಿಯನ್ನು ಒಬ್ಬ ಮಾರುವ ಹಾಗಿರಲಿಲ್ಲ, ಪಾಲು ಕೇಳುವ ಹಾಗಿರಲಿಲ್ಲ. ಇಡೀ ಒಕ್ಕದ್ದು, ಅಂದರೆ ಕುಲದ ಕುಟುಂಬದ್ದು ಅದು. ನಿಮ್ಮ ಆಸ್ತಿ ಹಕ್ಕಿನ ವಾದವನ್ನು ಒಕ್ಕದ ಮೂಲಮನೆಯಾದ ಐನ್‌ಮನೆಯ ಜಗಲಿಯಲ್ಲಿ ಆಡಿದ್ದರೆ ಮನೆಯ ಹಿರಿಯರಾದ ಪಟ್ಟೇದಾರರು ಎದ್ದು ಒಳಗೆ ಹೋಗುತ್ತಿದ್ದರು. ಕೋವಿಯ ಮಾತೂ ಅಷ್ಟೆ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡು ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಹೂವಿಟ್ಟು ಪೂಜಿಸುತ್ತೇವೆ, ನಿಜ. ಅದು ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಕೊಟ್ಟ ವಿನಾಯಿತಿ. 2019ರಲ್ಲಿ ಹತ್ತು ವರ್ಷಕ್ಕೆ ಮತ್ತೆ ಮುಂದುವರಿಸಿದೆ. ಅದೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ನಿಮ್ಮ ಸಿದ್ಧಾಂತದ ಪ್ರಕಾರ ಒಂದೋ ಎಲ್ಲರಿಗೂ ಸಿಗಬೇಕು, ಇಲ್ಲ ಯಾರಿಗೂ ಬೇಡ. ಹಾಗಂತ ಬರೆದುಕೊಡುತ್ತೀರಾ? ನಾನಂತೂ ಬರೆಯಲಾರೆ, ನನ್ನ ಮನೆಯಲ್ಲೂ ಒಂದು ತೂಗುತ್ತಿದೆ.

ಇನ್ನು 'ಒಪ್ಪಂದ'. ಪತ್ರದಲ್ಲಿ ಹನ್ನೊಂದು ಸಲ ಬಂದಿದೆ, ಎಣಿಸಿದೆ. ಜೀತವೂ ಒಪ್ಪಂದವೇ ಆಗಿತ್ತಲ್ಲ ಸ್ವಾಮಿ. ಮದುವೆಗೋ ಕಾಯಿಲೆಗೋ ಮುಂಗಡ ತೆಗೆದುಕೊಂಡು ಹೆಬ್ಬೆಟ್ಟೊತ್ತಿದ ಯರವ ಆದಿವಾಸಿಯನ್ನು ಯಾರೂ ಕೈ ಹಿಡಿದು ಎಳೆತಂದಿರಲಿಲ್ಲ. ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿತ್ತು, ಸಾಲ ಮಗನಿಗೆ ದಾಟುತ್ತಿತ್ತು. ಆ ಒಪ್ಪಂದವನ್ನು ಹರಿದು ಹಾಕಿದ್ದು 1976ರ ಜೀತ ನಿರ್ಮೂಲನ ಕಾಯ್ದೆ, ಅಂದರೆ ನೀವು ಬೇಡವೆನ್ನುವ ಸರ್ಕಾರ. ತೋಟದ ಕೂಲಿಗಳ ಲೈನ್ ಮನೆಯಲ್ಲಿರುವವನಿಗೆ ಸೂರೂ ಧಣಿಯದ್ದು, ಕೂಲಿಯೂ ಧಣಿಯದ್ದು. ರೇಷನ್ ಕಾರ್ಡೊಂದೇ ಧಣಿಯದ್ದಲ್ಲ. ನಿಮಗೆ ಕಿರಿಕಿರಿಯಾಗಿ ಕಾಣುವ ಕಚೇರಿ ಅವನಿಗೆ ಇನ್ನೊಂದು ಬಾಗಿಲು. ಆ ಬಾಗಿಲು ಸದಾ ತೆರೆದಿರುತ್ತದೆ ಎಂದು ನಾನು ಹೇಳುತ್ತಿಲ್ಲ. 2016ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದ್ದೂ ಸರ್ಕಾರವೇ. ಅದರ ವಿರುದ್ಧ ಜನ ಬೀದಿಗಿಳಿದು ಕೇಳಿದ್ದು ಸರ್ಕಾರ ಬೇಡವೆಂದಲ್ಲ, ಮನೆ ಕೊಡಿ, ಹಕ್ಕುಪತ್ರ ಕೊಡಿ ಎಂದು.

ಆನೆಗೆ ಬರೋಣ. 'ನನ್ನ ತೋಟಕ್ಕೆ ನಾನೇ ಸೋಲಾರ್ ಬೇಲಿ ಹಾಕಿದ್ದೇನೆ, ಇಲಾಖೆಯನ್ನು ಕೇಳಲಿಲ್ಲ' ಎಂದಿದ್ದೀರಿ. ಶಹಬಾಸ್. ನಿಮ್ಮ ಬೇಲಿಗೆ ತಾಗಿದ ಆನೆ ಎಲ್ಲಿ ಹೋಯಿತು? ಪಕ್ಕದ ಎರಡೆಕರೆಯವನ ಬಾಳೆಗೆ. ಅವನಿಗೆ ಬೇಲಿ ಹಾಕುವಷ್ಟು ದುಡ್ಡಿಲ್ಲ, ನಿಮ್ಮ ಮೇಲೆ ಕೋರ್ಟಿಗೆ ಹೋಗಲು ದಾರಿಯೂ ಇಲ್ಲ, ಯಾಕೆಂದರೆ ಆನೆ ನಿಮ್ಮದಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗ್ರಾಫ್ಟನ್ ಎಂಬ ಪುಟ್ಟ ಊರಿದೆ. 2004ರಲ್ಲಿ ನಿಮ್ಮಂಥದ್ದೇ ನಂಬಿಕೆಯವರು ಅಲ್ಲಿಗೆ ವಲಸೆ ಹೋಗಿ, ಇದನ್ನು ಸ್ವತಂತ್ರ ಊರು ಮಾಡೋಣ ಎಂದು ಹೊರಟರು. ಊರಿನ ಖರ್ಚು ಕತ್ತರಿಸಿದರು. ಆಮೇಲೆ ಅವರಿಗೆ ತಲೆನೋವಾದದ್ದು ಕರಡಿ. ಕಸವನ್ನು ಭದ್ರವಾಗಿಡುವವರು ಕೆಲವರು, ಇಡದವರು ಕೆಲವರು, ಕರಡಿಗೆ ತಿಂಡಿ ಹಾಕುವವರೂ ಉಂಟು. ಪ್ರತಿಯೊಬ್ಬನೂ ತನ್ನ ಅಂಗಳದ ರಾಜ. ಕರಡಿಗೆ ಮಾತ್ರ ಅಂಗಳದ ಗಡಿ ಗೊತ್ತಿಲ್ಲ. ನಮ್ಮ ಅರೇಬಿಕಾದ ಕಾಂಡಕೊರಕದ ಕಥೆಯೂ ಇದೇ. ನೀವು ರೋಗದ ಗಿಡ ಕಿತ್ತು ಸುಟ್ಟರೂ ಪಕ್ಕದ ಪಾಳು ತೋಟದ ಹುಳು ಬೇಲಿ ದಾಟಿ ಬರುತ್ತದೆ.

ಒಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಾಗಿ ಬಂದು ಬೆಲೆ ನೆಲ ಕಚ್ಚಿದಾಗ ದೆಹಲಿಗೆ ಮೊರೆ ಹೋದವರು ನಾವೇ ಬೆಳೆಗಾರರು. 2017ರ ಡಿಸೆಂಬರಿನಲ್ಲಿ ಆಮದಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ನಿಗದಿಯಾದಾಗ ನಮ್ಮಲ್ಲಿ ಯಾರೂ ಮುಕ್ತ ಮಾರುಕಟ್ಟೆಯ ಹೆಸರೆತ್ತಲಿಲ್ಲ.

ಹಾಗೆಂದು ಇರುವ ಸರ್ಕಾರವನ್ನು ಹಾಗೇ ಹೊತ್ತುಕೊಂಡು ತಿರುಗಬೇಕಿಲ್ಲ. ನಮ್ಮ ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ನಾನು ಒಂದು ಕಚೇರಿಯ ಮೆಟ್ಟಿಲು ನಾಲ್ಕು ವರ್ಷ ಹತ್ತಿದ್ದೇನೆ. ಆ ದಿನಗಳಲ್ಲಿ ನಿಮ್ಮ ಪತ್ರ ಬಂದಿದ್ದರೆ ಮುಖಪುಟದಲ್ಲಿ ಹಾಕುತ್ತಿದ್ದೆನೋ ಏನೋ. ಕಣದಲ್ಲಿರುವ ಕಾಫಿ, ತೋಟದಲ್ಲಿರುವ ಮರ ಬೆಳೆದವನ ಕೈಯಲ್ಲಿರಲಿ. ಬೇಲಿ ದಾಟುವ ಆನೆ, ಹುಳು, ಗುಡ್ಡದ ಮಣ್ಣಿಗೆ, ಲೈನ್ ಮನೆಯ ಕೂಲಿಗೆ ಕಾಯ್ದೆ ಬೇಕು. ಇಷ್ಟರಲ್ಲಿ ನಾನು ನಿಮಗಿಂತ ಬೇರೆ.

ಮರದ ಲೆಕ್ಕಕ್ಕೆ ಮಾತ್ರ ನಿಮ್ಮನ್ನು ಬಿಡುವುದಿಲ್ಲ. ನಿಮ್ಮ ಅಜ್ಜನ ಕಾಲದಲ್ಲಿ ಗದ್ದೆಗೆ ಸೇರಿದ ಕಾಡುಜಾಗವಾದ ಬಾಣೆಯಲ್ಲಿ ಯಾವ ಮರ ಎಷ್ಟಿತ್ತು, ಈಗ ಸಿಲ್ವರ್ ಓಕ್ ಎಷ್ಟು, ನಂದಿ, ಬೀಟೆ ಎಷ್ಟು, ಯಾವುದನ್ನು ಯಾಕೆ ತೆಗೆದಿರಿ, ಬರೆದು ಕಳಿಸಿ. ಆರು ಪುಟವಾದರೂ ಪರವಾಗಿಲ್ಲ. ಹೂಮಳೆಗೆ ಮುಂಚೆ ಕೈಸೇರಿದರೆ ಏಪ್ರಿಲ್ ಸಂಚಿಕೆಯಲ್ಲಿ ಹಾಕುತ್ತೇನೆ. 'ಸರ್ಕಾರ ಗಮನಿಸಲಿ' ಎಂಬ ಸಾಲನ್ನು ನಾನು ಸೇರಿಸುವುದಿಲ್ಲ.

— ಸಂಪಾದಕ